ಭಜನೆಯ ಬಳಿಕ ಅರ್ಧ ಗಂಟೆ

ಶನಿವಾರ ಸಂಜೆ ಮುಂಬಯಿ ಸುತ್ತಿನ ಡೊಂಬಿವಲಿ, ಭಾಂಡುಪ್, ಮೀರಾ ರೋಡ್, ನಾಲಾಸೋಪಾರ ಕಡೆಯ ನಮ್ಮ ಕನ್ನಡಿಗರ ಯಾವುದಾದರೂ ಭಜನಾ ಮಂಡಳಿಗೆ ಹೋಗಿ ನೋಡಿ. ಜಮಖಾನದ ಮುಂದಿನ ಸಾಲಿನಲ್ಲಿ ಮಕ್ಕಳು ಕೂತಿರುತ್ತಾರೆ. ತಾಳ ತಪ್ಪುವುದಿಲ್ಲ, ರಾಗವೂ ಕಂಠಸ್ಥ. ಆದರೆ ಅವರ ಕೈಯ ಹಾಳೆಯಲ್ಲಿ ದಾಸರ ಪದ ಎಷ್ಟೋ ಸಲ ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರೆದಿರುತ್ತದೆ. ಇಂಗ್ಲಿಷ್ ಇಲ್ಲವೇ ಮರಾಠಿ ಮಾಧ್ಯಮದಲ್ಲಿ ಓದುವ ಈ ಮಕ್ಕಳಿಗೆ ಕನ್ನಡ ಕಿವಿಗೆ ದಕ್ಕಿದೆ, ಕಣ್ಣಿಗೆ ದಕ್ಕಿಲ್ಲ. ಮಂಗಳಾರತಿಯಾಗಿ ಪ್ರಸಾದ ಕೈಗೆ ಬಂದರೆ ಹಿರಿಯರು ಮಾತಿಗೆ ಕೂರುತ್ತಾರೆ, ಮಕ್ಕಳು ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ.

ಮುಂಬಯಿಯಲ್ಲಿ ನಮ್ಮವರ ಭಕ್ತಿಗೂ ಅಕ್ಷರಕ್ಕೂ ಹಳೆಯ ನಂಟು. ಕರಾವಳಿಯ ಮೊಗವೀರ ಸಮಾಜದ ಶ್ರೀಮದ್ಭಾರತ ಮಂಡಳಿ 19ನೇ ಶತಮಾನದಲ್ಲೇ ಇಲ್ಲಿ ಹುಟ್ಟಿತು. ಇಂಥ ಮಂಡಳಿಗಳ ಪಾರಾಯಣದಲ್ಲಿ ಒಬ್ಬರು ಓದಿ ಅರ್ಥ ಹೇಳಿದರೆ ಓದು ಬಾರದವರೂ ಕೇಳಿ ತಿಳಿಯುತ್ತಾರೆ. ಅದೇ ಸಮಾಜ 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿ ವಿದ್ಯಾಸಂಸ್ಥೆಗಳನ್ನು ಬೆಳೆಸಿತು. ಕೇರಳದ ಸಂತ ನಾರಾಯಣ ಗುರುಗಳಲ್ಲೂ ಇದೇ ನಂಟು: ಅವರು 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಶಿವನನ್ನೂ, ಅದೇ ವರ್ಷ ಕೇರಳದ ಶಿವಗಿರಿಯಲ್ಲಿ ವಿದ್ಯೆಯ ದೇವತೆ ಶಾರದೆಯನ್ನೂ ಪ್ರತಿಷ್ಠಾಪಿಸಿದರು. ಆ ಗುರುಗಳ ಹೆಸರಿನಲ್ಲೇ ಮುಂಬಯಿಯ ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಪ್ರೌಢಶಾಲೆ ನಡೆಸಿತು. ಊರು ಬಿಟ್ಟು ಬಂದು ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿದ ಹುಡುಗರು ಇಂಥ ರಾತ್ರಿ ಶಾಲೆಗಳಲ್ಲಿ ಕೂತು ಮೆಟ್ರಿಕ್ ಮುಗಿಸಿದರು. ಪಾಠದ ಜೊತೆಗೆ ಅವರಿಗೆ ದಕ್ಕಿದ್ದು, ‘ಊಟ ಆಯಿತಾ ಮಗಾ’ ಎಂದು ಕೇಳುವವರ ಆಸರೆ.

ಇಂದಿನ ನಮ್ಮ ಮಕ್ಕಳ ಮೇಲೆ ಬೇರೆಯೇ ಭಾರವಿದೆ. ಚಿಕ್ಕ ಮನೆ, ಲೋಕಲ್ ಟ್ರೈನಿನಲ್ಲಿ ದಣಿದು ಬರುವ ಅಪ್ಪ ಅಮ್ಮ, ಶಾಲೆ ಮುಗಿದರೆ ಕ್ಲಾಸು, ಕ್ಲಾಸು ಮುಗಿದರೆ ಪರೀಕ್ಷೆ. ರಾತ್ರಿ ನಿದ್ದೆ ಬರುವುದಿಲ್ಲ, ಶಾಲೆಗೆ ಹೋಗಲು ಹೆದರಿಕೆ ಎಂದು ಮಗು ಬಾಯಿಬಿಟ್ಟರೆ, ‘ದೇವರಿಗೆ ಕೈ ಮುಗಿ, ಸರಿಹೋಗುತ್ತದೆ’ ಎಂದು ಕಳಿಸಿಬಿಡುತ್ತೇವೆ. ಪ್ರಾರ್ಥನೆ ಧೈರ್ಯ ಕೊಡುತ್ತದೆ, ನಿಜ. ಆದರೆ ಪುರಾಣವನ್ನು ಗಂಟೆಗಟ್ಟಲೆ ತಾಳ್ಮೆಯಿಂದ ಕೇಳಬಲ್ಲ ನಾವು ಮಗುವಿನ ಮಾತನ್ನು ಹತ್ತು ನಿಮಿಷ ನಡುವೆ ಬಾಯಿ ಹಾಕದೆ ಕೇಳಲಾರೆವೇ? ಅದೂ ಸೇವೆಯೇ.

ಕನ್ನಡ ಓದಿಸುವುದಕ್ಕೂ ಮಕ್ಕಳ ಮಾತು ಕೇಳುವುದಕ್ಕೂ ಭಜನೆಯ ಬಳಿಕ ಅರ್ಧ ಗಂಟೆ ಸಾಕು. ಮುಂದಿನ ವಾರದ ಪದವೊಂದನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿ, ಬೆರಳಿಟ್ಟು ಓದಿಸೋಣ. ಒಂದು ಕಪಾಟಿನಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಕಥೆಪುಸ್ತಕಗಳಿರಲಿ. ಓದು ಮುಗಿದ ಮೇಲೆ ಒಬ್ಬ ಅಜ್ಜಿಯೋ ನಿವೃತ್ತ ಮೇಷ್ಟ್ರೋ ಮಕ್ಕಳ ಪಕ್ಕದಲ್ಲಿ ಸುಮ್ಮನೆ ಕೂರಲಿ. ಅಲ್ಲಿ ಮಗು ಹೇಳಿಕೊಂಡ ಮಾತು ಪ್ರಸಾದದ ಸಾಲಿನಲ್ಲಿ ಸುದ್ದಿಯಾಗದಿರಲಿ. ನಮ್ಮ ಕೈ ಮೀರಿದ ನೋವಾದರೆ ತಂದೆ ತಾಯಿಯನ್ನು ಜೊತೆಗೆ ಕೂರಿಸಿಕೊಂಡು ವೈದ್ಯರ ದಾರಿ ತೋರಿಸೋಣ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಉಚಿತ. ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ಪೂಜೆಯ ವೇಳಾಪಟ್ಟಿಯ ಪಕ್ಕದಲ್ಲೇ ಆ ಸಂಖ್ಯೆಯನ್ನೂ ಬರೆದಿಡೋಣ. ಮಂದಿರ, ಚರ್ಚು, ಮಸೀದಿ, ಯಾವ ಅಂಗಳದಲ್ಲಾದರೂ ಇದು ಆಗುವ ಕೆಲಸ. ಹಿಂದಿನವರು ದಣಿದ ಮೈಯಲ್ಲೂ ಪರರ ಮಕ್ಕಳಿಗೆ ಹೊತ್ತು ಕೊಟ್ಟರು. ನಾವು ಬರುವ ಶನಿವಾರವೇ ಶುರು ಮಾಡಬಹುದು.