‘ಎರಡನೆಯದು’ ಎಂಬ ರುಚಿ

ನಾಲಿಗೆಗೆ ಹುಳಿ ಗೊತ್ತು, ಒಗರು ಗೊತ್ತು, ಸಿಹಿ ಕಹಿ ಗೊತ್ತು. ‘ಎರಡನೆಯದು’ ಅನ್ನೋ ರುಚಿ ಯಾವ ನಾಲಿಗೆಗೂ ಗೊತ್ತಿಲ್ಲ. ಹಾಗಿದ್ದರೆ ಆ ರುಚಿಯನ್ನು ನಾಲಿಗೆಯ ಮೇಲೆ ತಂದಿಟ್ಟವರು ಯಾರು? ಈ ಪ್ರಶ್ನೆ ಕೇಳೋದಕ್ಕೆ ಫ್ರಾನ್ಸಿನ ಒಂದು ದ್ರಾಕ್ಷಿ ತೋಟಕ್ಕೆ ಹೋಗಬೇಕಾಗಿದೆ. ಕುಡಿತದಿಂದ ಮನೆಗಳು ಮುರಿದದ್ದನ್ನು ಕಂಡಿರುವ ಗೆಳೆಯರು ಹುಬ್ಬು ಗಂಟಿಕ್ಕಬಹುದು. ನಾನು ವೈನಿನ ಹೊಗಳಿಕೆಗೆ ಕೂತಿಲ್ಲ. ತೂಗುವ ತಕ್ಕಡಿಯನ್ನೂ ಅದನ್ನು ಹಿಡಿದ ಕೈಯನ್ನೂ ನೋಡಬೇಕಾಗಿದೆ.

ಬೋರ್ಡೋ ನಗರದ ಉತ್ತರಕ್ಕೆ, ಜಿರೋಂದ್ ಅಳಿವೆಯ ಎಡದಂಡೆಯಲ್ಲಿ ಪೊಯಾಕ್ ಅನ್ನೋ ಊರಿದೆ. ಅಲ್ಲಿನ ಹೆಸರಾಂತ ತೋಟ ಷಾತೋ ಲಾತೂರ್. ಅದರ ನಡುಮಧ್ಯದ ಸುಮಾರು 47 ಹೆಕ್ಟೇರಿನ ನೊರಜುಗಲ್ಲಿನ ನೆಲವನ್ನು ‘ಲಾಂಕ್ಲೋ’ ಅಂತಾರೆ. ಆವರಣ ಅಂತ ಅರ್ಥ. ಆವರಣದೊಳಗಿನ ಹಳೆಯ ಬಳ್ಳಿಗಳ ಹಣ್ಣಿನಿಂದ ಆಗೋದು ಅವರ ಮೊದಲ ವೈನ್. ಆವರಣದ ಹೊರಗಿನ ಹೊಲಗಳ ಹಣ್ಣು, ಒಳಗೇ ಇದ್ದರೂ ಇನ್ನೂ ಎಳೆಯದಾದ ಬಳ್ಳಿಯ ಹಣ್ಣು ಎರಡನೆಯ ವೈನಿಗೆ ಹೋಗುತ್ತದೆ. ಅದರ ಹೆಸರು ಲೆ ಫೋರ್ ದ ಲಾತೂರ್. 1966ರ ಸುಗ್ಗಿಯಿಂದ ಅದು ಶುರುವಾಯಿತು. ಅದಕ್ಕೂ ಕೆಳಗೆ ಮೂರನೆಯದೊಂದಿದೆ, ಊರಿನ ಹೆಸರೇ ಅದರ ಹೆಸರು.

ಎರಡಕ್ಕೂ ಹಣ್ಣಿನ ಜಾತಿ ಒಂದೇ: ಹೆಚ್ಚಿನ ಪಾಲು ಕ್ಯಾಬರ್ನೆ ಸೊವಿನ್ಯೋ, ಜೊತೆಗೆ ಮೆರ್ಲೋ. ಒಂದೊಂದು ಹೊಲದ ಹಣ್ಣು ಒಂದೊಂದು ತೊಟ್ಟಿಯಲ್ಲಿ ಹುದುಗು ಬರುತ್ತದೆ. ಸುಗ್ಗಿ ಮುಗಿದು ಚಳಿ ಬಿದ್ದ ಮೇಲೆ ರುಚಿ ನೋಡುವವರು ಕೂರುತ್ತಾರೆ. ಬಣ್ಣ ನೋಡುತ್ತಾರೆ, ಮೂಸುತ್ತಾರೆ, ಬಾಯಲ್ಲಿ ಹೊರಳಾಡಿಸುತ್ತಾರೆ, ಆಮೇಲೆ ಉಗಿಯುತ್ತಾರೆ. ನುಂಗಿದರೆ ತಲೆ ತಿರುಗಿ ತೀರ್ಪು ಕೆಡುತ್ತದೆ ಅಂತ. ಯಾವ ತೊಟ್ಟಿ ಮೊದಲನೆಯದಕ್ಕೆ, ಯಾವುದು ಎರಡನೆಯದಕ್ಕೆ ಅನ್ನೋದು ತೀರ್ಮಾನವಾಗೋದು ಆಗ.

ಇಲ್ಲಿಯವರೆಗಿನ ಕೆಲಸದಲ್ಲಿ ಒಂದು ನ್ಯಾಯ ಇದೆ ಅಂತಲೇ ನಾನು ಹೇಳುತ್ತೇನೆ. ತೀರ್ಪು ಪ್ರತಿ ವರ್ಷ ಹೊಸದು. ಆವರಣದೊಳಗಿನ ಎಳೆಯ ಬಳ್ಳಿ ಬಲಿತ ಮೇಲೆ ಅದರ ಹಣ್ಣು ಮೇಲಕ್ಕೆ ಹೋಗಬಹುದು. ಮಳೆ ಕೆಟ್ಟ ವರ್ಷ ಹಳೆಯ ಬಳ್ಳಿಯದೂ ಕೆಳಗಿಳಿಯಬಹುದು. ಎರಡನೆಯ ವೈನಿಗೆ ತನ್ನದೇ ಗುಣವೂ ಇದೆ. ಮೊದಲನೆಯದು ಹದಕ್ಕೆ ಬರಲು ದಶಕಗಳೇ ಕಾಯಬೇಕು, ಇದರ ಒಗರು ಮೊದಲೇ ಇಳಿದು ಬೇಗ ಕುಡಿಯೋ ಹಾಗಾಗುತ್ತದೆ. ಅಂದರೆ ಇದು ಬೇರೆ. ಆ ‘ಬೇರೆ’ಗೆ ‘ಕಡಿಮೆ’ ಅಂತ ಹೆಸರಿಟ್ಟಾಗ ತಕ್ಕಡಿಯ ಮುಳ್ಳು ಅಲುಗಾಡುತ್ತದೆ.

ಮುಳ್ಳನ್ನು ಅಲುಗಾಡಿಸಿದ ಕೈ ಹಳೆಯದು. 1855ರಲ್ಲಿ ಮೂರನೆಯ ನೆಪೋಲಿಯನ್ ಪ್ಯಾರಿಸ್ಸಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಸಿದ. ಅದಕ್ಕಾಗಿ ಬೋರ್ಡೋದ ದಲ್ಲಾಳಿಗಳು ಕೆಂಪು ವೈನಿನ ತೋಟಗಳನ್ನು ಐದು ದರ್ಜೆಗೆ ಹಂಚಿದರು. ಮೊದಲ ದರ್ಜೆಗೆ ಬಂದದ್ದು ನಾಲ್ಕೇ ತೋಟ: ಲಾಫೀತ್, ಲಾತೂರ್, ಮಾರ್ಗೋ, ಓ ಬ್ರಿಯೋಂ. ಅಳತೆಗೋಲು ಯಾವುದು? ಬಹುಕಾಲದಿಂದ ಮಾರುಕಟ್ಟೆಯಲ್ಲಿ ಸಿಕ್ಕುತ್ತಿದ್ದ ಬೆಲೆ. ಬೆಲೆ ಇತ್ತು, ಅದಕ್ಕೇ ಪಟ್ಟ. ಪಟ್ಟ ಇದೆ, ಅದಕ್ಕೇ ಬೆಲೆ. ಬಾವಿಗೆ ಬಿದ್ದ ಕೊಡ ತನ್ನ ಹಗ್ಗವನ್ನು ತಾನೇ ಎಳೆದುಕೊಳ್ಳುತ್ತಿದೆ ಅಂದ ಹಾಗಾಯಿತು. ಬೆಲೆಯ ಹಿಂದೆ ಹಡಗು ಇತ್ತು, ಬಂದರು ಇತ್ತು, ಸಾಹುಕಾರರ ತಿಜೋರಿ ಇತ್ತು. ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಸಾಗಿಸಿದ ಫ್ರೆಂಚ್ ಬಂದರುಗಳಲ್ಲಿ ನಾಂತ್ ಬಿಟ್ಟರೆ ಬೋರ್ಡೋ ಮುಂಚೂಣಿಯದು. ಒಂದು ಲಕ್ಷಕ್ಕೂ ಹೆಚ್ಚು ಜನ ಅದರ ಹಡಗುಗಳ ಹೊಟ್ಟೆಯಲ್ಲಿ ಹೋದರು. ಆ ನಗರ ತನ್ನ ವಸ್ತುಸಂಗ್ರಹಾಲಯದಲ್ಲಿ ಅವರ ಕಥೆಗೆ ಕಾಯಂ ಜಾಗ ಕೊಟ್ಟದ್ದು 2009ರಲ್ಲಿ.

1855ರ ಪಟ್ಟ ನೆಲಕ್ಕೂ ಅಂಟಿಲ್ಲ, ಬಳ್ಳಿಗೂ ಅಂಟಿಲ್ಲ, ತೋಟದ ಹೆಸರಿಗೆ ಅಂಟಿದೆ. ಹೊಲ ಮಾರಲಿ, ಕೊಳ್ಳಲಿ, ಯಜಮಾನ ಬದಲಾಗಲಿ, ಪಟ್ಟ ಹಾಗೇ ಇರುತ್ತದೆ. ಪಟ್ಟಿಯೊಳಗೆ ಮೇಲಿನ ದರ್ಜೆಗೆ ಏರಿದ್ದು ಮೂತೋಂ ರಾಥ್‌ಚೈಲ್ಡ್ ಒಂದೇ. ಎರಡನೆಯದಾಗಿದ್ದ ಅದು ಮೊದಲನೆಯದಾಗಲು 118 ವರ್ಷ ಹಿಡಿಯಿತು. 1973ರಲ್ಲಿ ಕೃಷಿ ಮಂತ್ರಿಯಾಗಿದ್ದ ಜಾಕ್ ಶಿರಾಕ್ ರುಜು ಹಾಕಿದರು. ರುಜು ಬೀಳುವ ಹಿಂದಿನ ದಿನವೂ ಮಾರನೆಯ ದಿನವೂ ಪೀಪಾಯಿಯಲ್ಲಿ ಇದ್ದದ್ದು ಅದೇ ವೈನ್. ಹೆಸರಿನ ಜೊತೆ ಬರುವ ಪಟ್ಟ ಅಂದರೇನು ಅಂತ ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬಳ್ಳಿಗೆ ಅವಮಾನ ಆಗೋದಿಲ್ಲ. ಮನುಷ್ಯರ ನೋವನ್ನು ಬಾಟಲಿಯ ಪಕ್ಕ ಇಟ್ಟು ಹಗುರ ಮಾಡೋ ಇರಾದೆ ನನಗಿಲ್ಲ. ತಕ್ಕಡಿಯ ಮೋಸ ಎರಡು ಕಡೆಯೂ ಒಂದೇ ರೀತಿಯದು ಅಂತಷ್ಟೇ ಹೇಳುತ್ತಿದ್ದೇನೆ.

ಈ ಮೋಸ ನಾಲಿಗೆಯ ಒಳಗೂ ಇಳಿಯುತ್ತದೆ. ಬೋರ್ಡೋದಲ್ಲೇ ಫ್ರೆಡರಿಕ್ ಬ್ರೋಶೆ ಎಂಬ ಸಂಶೋಧಕ ಒಂದೇ ವೈನನ್ನು ಎರಡು ಬಾಟಲಿಗೆ ತುಂಬಿ ಬೇರೆ ಬೇರೆ ಹೊತ್ತಿನಲ್ಲಿ ಕೊಟ್ಟ. ಒಂದಕ್ಕೆ ದೊಡ್ಡ ತೋಟದ ಚೀಟಿ, ಇನ್ನೊಂದಕ್ಕೆ ದಿನಬಳಕೆಯ ಅಗ್ಗದ ವೈನಿನ ಚೀಟಿ. ಚೀಟಿ ದೊಡ್ಡದಾದಾಗ ಅದು ಹದವಾಗಿತ್ತು, ತುಂಬಿಕೊಂಡಿತ್ತು. ಚೀಟಿ ಚಿಕ್ಕದಾದಾಗ ಅದೇ ವೈನ್ ತೆಳು, ಸಪ್ಪೆ. ಆ ಜನ ಸುಳ್ಳು ಹೇಳಲಿಲ್ಲ. ಅವರಿಗೆ ನಿಜವಾಗಿಯೂ ಹಾಗೇ ರುಚಿಸಿತು. ಭಯ ಆಗಬೇಕಾಗಿರೋದು ಇದಕ್ಕೇ. ಮೇಲು ಕೀಳು ಬರೀ ಮಾತಾಗಿದ್ದರೆ ಮಾತಿನಲ್ಲೇ ಎದುರಿಸಬಹುದಿತ್ತು. ಅದು ಮೂಗಿನೊಳಕ್ಕೆ, ಬಾಯೊಳಕ್ಕೆ ಇಳಿದು ‘ನನ್ನ ಅನುಭವ’ ಅನ್ನಿಸಿಕೊಂಡುಬಿಡುತ್ತದೆ.

ಇನ್ನೂ ಒಂದು ತಮಾಷೆ ನೋಡಿ. ದೊಡ್ಡಮನೆಯ ಎರಡನೆಯದು ಚಿಕ್ಕಮನೆಯ ಮೊದಲನೆಯದಕ್ಕಿಂತ ಮೇಲು. 1855ರ ಪಟ್ಟಿಯಲ್ಲೇ ಇರೋ ಎಷ್ಟೋ ತೋಟಗಳ ಮೊದಲ ವೈನಿಗಿಂತ ಲೆ ಫೋರ್ ದುಬಾರಿ. ಅದನ್ನು ಹೊರಗಿಟ್ಟದ್ದರಿಂದ ಮೊದಲನೆಯದಕ್ಕೆ ಶುದ್ಧಿ ಬಂತು, ಅದೇ ಮನೆಯ ಹೆಸರು ಹಚ್ಚಿದ್ದರಿಂದ ಇದಕ್ಕೂ ಬೆಲೆ ಬಂತು. ಎರಡು ಕಡೆಯಿಂದಲೂ ಲಾಭ ಯಜಮಾನನಿಗೆ. ಬೋರ್ಡೋ ಸೀಮೆಯ ತೋಟಗಳಲ್ಲಿ ಹಣ್ಣು ಕುಯ್ಯೋದಕ್ಕೆ ಮೊರಾಕ್ಕೊ, ಸ್ಪೇನ್, ಪೋರ್ಚುಗಲ್ಲಿನಿಂದ ಕೂಲಿಗಳು ಬರುತ್ತಾರೆ. ಎರಡನೆಯ ವೈನಿನ ಹಣ್ಣು ಕುಯ್ಯುವಾಗ ಅವರ ಸೊಂಟ ಕಡಿಮೆಯೇನೂ ನೋಯೋದಿಲ್ಲ. ಬಾಟಲಿಯ ಚೀಟಿಯಲ್ಲಿ ತೋಟದ ಹೆಸರಿದೆ, ವರ್ಷ ಇದೆ, ಅವರ ಹೆಸರು ಮಾತ್ರ ಇಲ್ಲ.

ಹಾಗಾದರೆ ಒಳ್ಳೆಯದು ಕೆಟ್ಟದ್ದು ಅಂತ ಆರಿಸೋದೇ ತಪ್ಪೇ? ಹಾಗಂತ ನಾನು ಒಪ್ಪೋದಿಲ್ಲ. ಬೀಜ ಆರಿಸದೆ ಬೆಳೆಯಿಲ್ಲ. ತರಗತಿಯಲ್ಲಿ ಉತ್ತರಪತ್ರಿಕೆ ತಿದ್ದುವ ಮೇಷ್ಟ್ರೂ ಆರಿಸಲೇಬೇಕು, ಕವಿತೆ ಓದಿ ಪತ್ರಿಕೆಗೆ ತೆಗೆದುಕೊಳ್ಳುವವರೂ ಆರಿಸಲೇಬೇಕು. ಆದರೆ ಆರಿಸೋರನ್ನು ಮೂರು ಮಾತು ಕೇಳಬೇಕು. ಹೆಸರು ಮುಚ್ಚಿ ರುಚಿ ನೋಡಿದಿರಾ? ಮುಂದಿನ ಸುಗ್ಗಿಗೆ ಮತ್ತೆ ನೋಡುತ್ತೀರಾ? ಹೊರಗಿಟ್ಟದ್ದು ಒಳಗೆ ಬರೋದಕ್ಕೆ ದಾರಿ ಬಿಟ್ಟಿದ್ದೀರಾ? ಲಾತೂರಿನ ನೆಲಮಾಳಿಗೆಯಲ್ಲಿ ಕೂತವರು ಎರಡನೆಯ ಮಾತಿಗೆ ಹೌದು ಅನ್ನಬಹುದು. ಮೂರನೆಯದಕ್ಕೆ ಎಳೆಯ ಬಳ್ಳಿಯ ಮಟ್ಟಿಗೆ ಹೌದು ಅಂದಾರು, ಆವರಣದ ಹೊರಗಿನ ಹೊಲದ ಮಾತು ಬಂದಾಗ ತಡವರಿಸಬೇಕಾಗುತ್ತದೆ. 1855ರ ಪಟ್ಟಿಯನ್ನು ಎದೆಗವಚಿಕೊಂಡವರು ಮೂರರಲ್ಲಿ ಒಂದಕ್ಕೂ ಹೌದು ಅನ್ನಲಾರರು.