ಜೀವಕೋಶದ ಶುದ್ಧಿಯೂ ಕರ್ಮನಿರ್ಜರೆಯೂ

ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸಕ್ಕೆ ಶ್ರಾವಕರ ಮನೆಗಳಲ್ಲಿ ಈಗ ಹೊಸದೊಂದು ಸಮರ್ಥನೆ ಕೇಳಿಬರುತ್ತಿದೆ: 'ವಿಜ್ಞಾನವೂ ಇದನ್ನೇ ಹೇಳುತ್ತದೆ.' ತರುಣರನ್ನು ವ್ರತಕ್ಕೆ ಒಲಿಸಲು ಹಿರಿಯರು ಈ ಮಾತನ್ನು ಸಂತೋಷದಿಂದಲೇ ಬಳಸುತ್ತಾರೆ. ವಿಜ್ಞಾನ ಹೇಳುವುದೇನು, ಅದರಿಂದ ವ್ರತಕ್ಕೆ ಒದಗುವ ಬಲವೆಷ್ಟು ಎಂಬುದು ವಿಚಾರಾರ್ಹವಾಗಿದೆ.

ಜೀವಕೋಶದಲ್ಲಿ ಪ್ರೋಟೀನುಗಳು ಸದಾ ಕೂಡುತ್ತಲೂ ಒಡೆಯುತ್ತಲೂ ಇರುತ್ತವೆ. ಪುದ್ಗಲ ಶಬ್ದದ ನಿರುಕ್ತಿಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ವಯಸ್ಸಾದಂತೆ ಕೆಟ್ಟ ಪ್ರೋಟೀನುಗಳನ್ನು ತೆರವುಮಾಡುವ ಶಕ್ತಿ ಕುಂದುತ್ತದೆ. ಆಲ್ಜೈಮರ್ ರೋಗದಲ್ಲಿ ಅಮಿಲಾಯ್ಡ್ ಮತ್ತು ಟೌ, ಪಾರ್ಕಿನ್ಸನ್ ರೋಗದಲ್ಲಿ ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೋಟೀನುಗಳು ಮಿದುಳಿನಲ್ಲಿ ಗಂಟುಕಟ್ಟಿರುವುದು ಕಂಡುಬಂದಿದೆ. ಕೋಶವು ತನ್ನ ಜೀರ್ಣಾಂಶಗಳನ್ನು ತಾನೇ ಅರಗಿಸಿಕೊಳ್ಳುವ ಕ್ರಿಯೆಗೆ ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ಡಿ ಡೂವ್ 1963ರಲ್ಲಿ 'ಆಟೊಫೇಜಿ', ಅಂದರೆ ಸ್ವಭಕ್ಷಣವೆಂದು ಹೆಸರಿಟ್ಟರು. ಜಪಾನಿನ ಯೋಶಿನೋರಿ ಓಸುಮಿ ಯೀಸ್ಟಿಗೆ ಆಹಾರಾಂಶವನ್ನು ತಪ್ಪಿಸಿ ಈ ಕ್ರಿಯೆಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಅದಕ್ಕೆ ಬೇಕಾದ ಜೀನುಗಳನ್ನು ಗುರುತಿಸಿ 2016ರ ನೊಬೆಲ್ ಪಾರಿತೋಷಕವನ್ನು ಪಡೆದರು. ಆಹಾರವು ಸಮೃದ್ಧವಾಗಿದ್ದಾಗ 'ಎಂಟಾರ್' ಎಂಬ ಪ್ರೋಟೀನು ಬೆಳವಣಿಗೆಯನ್ನು ಪ್ರೇರಿಸಿ ಸ್ವಭಕ್ಷಣವನ್ನು ತಡೆಯುತ್ತದೆ; ಆಹಾರ ನಿಂತಾಗ ಆ ತಡೆ ಸಡಿಲವಾಗುತ್ತದೆ.

ಇಷ್ಟು ನಿಜ. ಆದರೆ ಪರ್ವದಿನದ ಉಪವಾಸದಿಂದ ಮನುಷ್ಯನ ಆಯುಷ್ಯವು ವೃದ್ಧಿಸುವುದೆಂಬುದು ಸಿದ್ಧವಾಗಿಲ್ಲ. ಮಿತಾಹಾರದ ಇಲಿಗಳು ಹೆಚ್ಚು ಕಾಲ ಬದುಕಿದುದನ್ನು ಅಮೆರಿಕದ ಮೆಕ್‌ಕೇ 1935ರಲ್ಲಿ ತೋರಿಸಿದರು. ಅಲ್ಲಿಯೇ ಮಂಗಗಳ ಮೇಲೆ ನಡೆದ ಎರಡು ದೀರ್ಘ ಪ್ರಯೋಗಗಳು ಮಾತ್ರ 2009 ಮತ್ತು 2012ರಲ್ಲಿ ಪರಸ್ಪರ ಭಿನ್ನವಾದ ಫಲಿತಾಂಶಗಳನ್ನು ಕೊಟ್ಟವು. ಪಂಜರದ ಪ್ರಾಣಿಗಳ ಹಸಿವನ್ನು ಅಹಿಂಸಾವ್ರತಿಗಳು ತಮ್ಮ ತಪಸ್ಸಿಗೆ ಸಾಕ್ಷಿಯಾಗಿ ಕರೆಯುವುದು ಉಚಿತವೇ ಎಂಬುದು ಬೇರೆಯೇ ಪ್ರಶ್ನೆ.

ಮುಖ್ಯವಾದ ತೊಡಕು ಇನ್ನೂ ಒಳಗಿದೆ. ವ್ರತಿಯಾದವನು ಶಲ್ಯರಹಿತನಾಗಿರಬೇಕೆಂದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ವಿಧಿಸಿದ್ದಾರೆ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಲ್ಲಿ ನಿದಾನವೆಂದರೆ ವ್ರತಕ್ಕೆ ಪ್ರತಿಯಾಗಿ ಭೋಗವನ್ನು ಬಯಸುವುದು. ಸ್ವರ್ಗಸುಖವನ್ನು ಕೋರಿ ಉಪವಾಸ ಮಾಡಿದವನಿಗೂ ದೀರ್ಘ ಯೌವನವನ್ನು ಕೋರಿ ಮಾಡಿದವನಿಗೂ ಏನು ಅಂತರ? ಶರೀರವೂ ಧರ್ಮಸಾಧನವಲ್ಲವೇ ಎಂದು ಕೇಳುವವರುಂಟು. ಅಹುದು, ಅದರ ರಕ್ಷಣೆಗಾಗಿ ಊಟ ಬಿಡುವುದಕ್ಕೆ ಪಥ್ಯವೆಂಬ ಒಳ್ಳೆಯ ಹೆಸರೇ ಇದೆ. ಎಂಟಾರನ್ನು ತಡೆಯುವ ರಾಪಮೈಸಿನ್ ಎಂಬ ಔಷಧ ಈಗಾಗಲೇ ಉಂಟು. ಉಪವಾಸದ ದೈಹಿಕ ಲಾಭವೆಲ್ಲ ನಾಳೆ ಗುಳಿಗೆಯೊಂದರಿಂದ ದೊರೆಯುವುದಾದರೆ ಚತುರ್ದಶಿಯ ಉಪವಾಸವನ್ನು ಕೈಬಿಡುವವನು ಇಂದು ಆಚರಿಸುತ್ತಿರುವುದು ಪಥ್ಯವನ್ನೇ.

ಸೆರೆಯಲ್ಲಿ ಪರವಶನಾಗಿ ಹಸಿವನ್ನು ಸಹಿಸಿದವನ ನಿರ್ಜರೆಯನ್ನು ಶಾಸ್ತ್ರಕಾರರು ಅಕಾಮನಿರ್ಜರೆಯೆಂದು ಪ್ರತ್ಯೇಕಿಸಿದ್ದಾರೆ. ಅವನ ಕೋಶಗಳಲ್ಲಿಯೂ ಸ್ವಭಕ್ಷಣವು ವ್ರತಿಯಲ್ಲಿ ನಡೆಯುವಂತೆಯೇ ನಡೆಯುತ್ತದೆ. ಇಬ್ಬರನ್ನು ಬೇರ್ಪಡಿಸುವ ಸಂಕಲ್ಪವು ಸೂಕ್ಷ್ಮದರ್ಶಕಕ್ಕೆ ಗೋಚರವಲ್ಲ.

ವೈದ್ಯನ ಮಾತಿಗೆ ನಿಜವಾಗಿ ಸ್ಥಾನವಿರುವುದು ಬೇರೆಡೆ. ಷೋಡಶಕಾರಣ ಭಾವನೆಗಳಲ್ಲಿ ಹೇಳಿರುವುದು ಶಕ್ತಿಗೆ ತಕ್ಕ ತಪಸ್ಸನ್ನು. ಇನ್ಸುಲಿನ್ ಪಡೆಯುತ್ತಿರುವ ಮಧುಮೇಹಿಯು ದಶಲಕ್ಷಣ ಪರ್ವದಲ್ಲಿ ನಿರಾಹಾರನಾಗಿದ್ದರೆ ರಕ್ತದ ಸಕ್ಕರೆ ಇಳಿದು ಪ್ರಾಣಕ್ಕೇ ಅಪಾಯವಾಗಬಹುದು. ಅಂಥವನು ವೈದ್ಯನನ್ನು ಕೇಳಿ ತನ್ನ ಶಕ್ತಿಯನ್ನು ಅಳೆಯಬೇಕು. ಅನಶನವು ಸಲ್ಲದಿದ್ದರೆ ರಸಪರಿತ್ಯಾಗವುಂಟು, ಸ್ವಾಧ್ಯಾಯವುಂಟು, ಅವೂ ತಪಸ್ಸಿನ ಭೇದಗಳೇ.