ಹಳೆಯ ಉಗಿಯಂತ್ರವೂ ವಸ್ತುವಿನ ತನ್ನತನವೂ

ಕಾಲವು ಸವೆಸಿ ಹಾಕುವ ವಸ್ತುಗಳನ್ನು ಉಳಿಸಿಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ಆದರೆ ಹಾಗೆ ಉಳಿಸಿದಾಗ ನಿಜವಾಗಿ ಉಳಿಯುವುದು ಯಾವುದು? ಲೋಹವೆ, ಆಕಾರವೆ, ಕಾರ್ಯವೆ, ಅಥವಾ ಬರಿಯ ಹೆಸರೆ? ಇದು ತರ್ಕಶಾಸ್ತ್ರಕ್ಕಷ್ಟೇ ಸೇರಿದ ಪ್ರಶ್ನೆಯೆಂದು ತೋರಬಹುದು. ಆದರೂ ಇದರೊಳಗೆ ಧರ್ಮವಿಚಾರವೊಂದು ಅಡಗಿದೆ. ‘ಫೇರಿ ಕ್ವೀನ್’ ಎಂಬ ಉಗಿಯಂತ್ರದ ಚರಿತ್ರೆಯಿಂದ ಅದು ವಿಶದವಾಗುವುದು.

ಈ ಯಂತ್ರವು 1855ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಕಿಟ್ಸನ್, ಥಾಂಪ್ಸನ್ ಮತ್ತು ಹ್ಯೂಯಿಟ್ಸನ್ ಎಂಬವರ ಕಾರ್ಖಾನೆಯಲ್ಲಿ ನಿರ್ಮಿತವಾಗಿ, ಅದೇ ವರ್ಷ ಹಡಗಿನಲ್ಲಿ ಕಲ್ಕತ್ತೆಗೆ ಬಂದಿತು. ಈಸ್ಟ್ ಇಂಡಿಯನ್ ರೈಲ್ವೆಯವರು ಇದಕ್ಕೆ ಕೊಟ್ಟದ್ದು 22 ಎಂಬ ಅಂಕೆಯನ್ನು ಮಾತ್ರ. ಹೌರಾ–ರಾಣಿಗಂಜ್ ಮಾರ್ಗದಲ್ಲಿ ಇದು ಟಪ್ಪಾಲಿನ ಬಂಡಿಗಳನ್ನೆಳೆಯಿತು. 1857ರ ದಂಗೆಯ ಕಾಲದಲ್ಲಿ ಸೈನ್ಯವನ್ನು ಸಾಗಿಸಿತು. ಮುಂದೆ ಬಿಹಾರದಲ್ಲಿ ಹಳಿ ಹಾಕುವ ಕೆಲಸಕ್ಕೆ ಒದಗಿತು. ಇಂದಿನ ಹೆಸರು ಇದಕ್ಕೆ ಬಂದದ್ದು 1895ರಲ್ಲಿ, ವಯಸ್ಸು ನಲವತ್ತಾದ ಮೇಲೆ. 1909ರಲ್ಲಿ ಸೇವೆಯಿಂದ ನಿವೃತ್ತಿ ಹೊಂದಿ ಹೌರಾದಲ್ಲಿ ಪೀಠದ ಮೇಲೆ ನಿಂತಿತು. 1943ರಲ್ಲಿ ಚಂದೌಸಿಯ ರೈಲ್ವೆ ಶಾಲೆಗೆ ಹೋಯಿತು. ಕೊನೆಗೆ ದೆಹಲಿಯ ರೈಲು ವಸ್ತುಸಂಗ್ರಹಾಲಯವನ್ನು ಸೇರಿತು. ಎಂಬತ್ತೆಂಟು ವರ್ಷಗಳ ಮೌನವು 1997ರಲ್ಲಿ ಮುಗಿದು, ದುರಸ್ತಿಗೊಂಡ ಯಂತ್ರವು ದೆಹಲಿಯಿಂದ ಆಳ್ವಾರಿಗೆ ಪ್ರವಾಸಿಗಳನ್ನು ಕರೆದೊಯ್ದಿತು. 2011ರಲ್ಲಿ ಕಳ್ಳರು ಇದರ ಅನೇಕ ಭಾಗಗಳನ್ನು ಕಿತ್ತೊಯ್ಯಲಾಗಿ, ಮದರಾಸಿನ ಪೆರಂಬೂರು ಕಾರ್ಖಾನೆಯಲ್ಲಿ ಹಲವನ್ನು ಹೊಸದಾಗಿ ಮಾಡಿ ಜೋಡಿಸಬೇಕಾಯಿತು.

ಹಾಗಾದರೆ ಅನಂತರ ಹಳಿಗಿಳಿದದ್ದು ಲೀಡ್ಸಿನ ಯಂತ್ರವೋ, ಪೆರಂಬೂರಿನದೋ? ‘ಮಿಲಿಂದಪ್ರಶ್ನೆ’ಯಲ್ಲಿ ನಾಗಸೇನನು ಅರಸನನ್ನು ಇಂಥದೇ ಮಾತಿನಿಂದ ಕಟ್ಟಿಹಾಕಿದನು. ರಥವೆಂದರೆ ಅಚ್ಚಲ್ಲ, ಗಾಲಿಯಲ್ಲ, ನೊಗವಲ್ಲ. ಇವುಗಳ ಸಂಯೋಗಕ್ಕೆ ವ್ಯವಹಾರದಲ್ಲಿ ಇಟ್ಟ ಹೆಸರೇ ರಥವೆಂದು ತೋರಿಸಿಕೊಟ್ಟನು. ಉಗಿಯಂತ್ರಕ್ಕೆ ಈ ಮಾತು ಮತ್ತಷ್ಟು ಒಪ್ಪುತ್ತದೆ. ಬೆಂಕಿಯೂ ನೀರೂ ಸೇರಿ ಕುದಿಗೊಳಾಯಿಗಳನ್ನು ತಿನ್ನುತ್ತವೆ. ಓಡಿದಷ್ಟೂ ಗಾಲಿಗಳ ಅಂಚು ಸವೆಯುತ್ತದೆ. ಕಾಲಕಾಲಕ್ಕೆ ಭಾಗಗಳನ್ನು ಬದಲಿಸುವುದು ಅದರ ದುಡಿಮೆಯ ಧರ್ಮವೇ ಆಗಿದೆ. ‘ಮೂಲದ’ ಯಂತ್ರವನ್ನು ಹುಡುಕಹೊರಟವನು ಅದರ ದುಡಿಮೆಯ ದಿನಗಳಲ್ಲಿಯೂ ಅದನ್ನು ಕಾಣಲಾರನು.

ಇಲ್ಲಿ ಎರಡು ಪಕ್ಷಗಳುಂಟು. ಹಳೆಯ ವಸ್ತುವೊಂದು ಸಾಕ್ಷಿ, ಸಾಕ್ಷಿಯನ್ನು ತಿದ್ದಬಾರದು, ಆದಕಾರಣ ಯಂತ್ರವನ್ನು ಪೀಠದ ಮೇಲೆಯೇ ಬಿಡಬೇಕೆಂಬುದು ಒಂದು. ಅಂದಿನ ಕಮ್ಮಾರನ ಸುತ್ತಿಗೆಯ ಗುರುತು ಒಮ್ಮೆ ಅಳಿಸಿದರೆ ಮತ್ತೆ ಬಾರದೆಂಬ ಮಾತು ತಳ್ಳಿಹಾಕತಕ್ಕದ್ದಲ್ಲ. ಓಡುವುದಕ್ಕಾಗಿ ಹುಟ್ಟಿದುದು ಓಡದೆ ನಿಂತರೆ ಅದು ಯಂತ್ರದ ಶವವೇ ಹೊರತು ಯಂತ್ರವಲ್ಲವೆಂಬುದು ಇನ್ನೊಂದು. ಇದರಲ್ಲಿಯೂ ಸತ್ಯವುಂಟು: ಉಗಿಯನ್ನು ಆಳುವ ಕೈಚಳಕವು ಗಾಜಿನ ಪೆಟ್ಟಿಗೆಯಲ್ಲಿ ಉಳಿಯದು, ಬೆಂಕಿಯ ಮುಂದೆ ನಿಂತವನಿಂದ ಮಾತ್ರ ಅದು ಮುಂದಿನವನಿಗೆ ದಾಟೀತು.

ಈ ವಿವಾದಕ್ಕೆ ನಮ್ಮ ದೇಶದಲ್ಲಿ ಹಳೆಯದೊಂದು ಪರಿಹಾರವಿದೆ. ದೇವಾಲಯವು ಶಿಥಿಲವಾದಾಗ ಜೀರ್ಣೋದ್ಧಾರ ಮಾಡುವುದನ್ನು ಹಿರಿಯರು ಪುಣ್ಯಕಾರ್ಯವೆಂದೆಣಿಸಿದರು. ಕಲ್ಲು ಬದಲಾದರೂ ಗುಡಿ ಅದೇ. ಏಕೆಂದರೆ ಪೂಜೆಯೂ ನೆನಪೂ ಕಡಿಯಲಿಲ್ಲ. ಆದರೆ ಎಷ್ಟೋ ಕಡೆ ಅವರು ಇನ್ನೊಂದು ಕೆಲಸವನ್ನೂ ಮಾಡಿದರು: ಯಾರು, ಯಾವ ಶಕದಲ್ಲಿ, ಏನನ್ನು ಸರಿಪಡಿಸಿದರೆಂಬುದನ್ನು ಶಿಲೆಯಲ್ಲಿ ಬರೆಯಿಸಿದರು. ಹೊಸದನ್ನು ಹಳೆಯದೆಂದು ನಂಬಿಸುವ ಪ್ರಯತ್ನ ಆ ಶಾಸನಗಳಲ್ಲಿಲ್ಲ.

ಧರ್ಮಸೂಕ್ಷ್ಮವಿರುವುದು ಇಲ್ಲಿಯೇ. ಭಾಗವನ್ನು ಬದಲಿಸುವುದು ದೋಷವಲ್ಲ. ಬದಲಿಸಿದ್ದನ್ನು ಮರೆಮಾಚುವುದು ದೋಷ. ಅಂತೆಯೇ ಚರಿತ್ರೆಯಲ್ಲಿ ರುಚಿಸಿದ್ದನ್ನು ಮಾತ್ರ ಉಳಿಸಿಕೊಳ್ಳುವುದೂ ದೋಷವೇ. ಹಿತ್ತಾಳೆಗೆ ಮೆರುಗು ಕೊಟ್ಟು ಪ್ರವಾಸಿಗಳನ್ನು ಕೂರಿಸಿದ ಯಂತ್ರವು 1857ರಲ್ಲಿ ಈ ದೇಶದವರ ಮೇಲೆಯೇ ಸೈನ್ಯವನ್ನು ಹೊತ್ತುತಂದಿತೆಂಬುದನ್ನು, ಅದರ ಅಂದವನ್ನು ಹೊಗಳುವಾಗಲೂ ಹೇಳಬೇಕು. ಕಳುವಿನ ಕಥೆಯೂ ಅದರ ಚರಿತ್ರೆಯೇ.

ವಸ್ತುವಿನ ತನ್ನತನವು ಲೋಹದಲ್ಲಿ ಸ್ವಲ್ಪ, ಆಕಾರದಲ್ಲಿ ಸ್ವಲ್ಪ, ಕಾರ್ಯದಲ್ಲಿ ಸ್ವಲ್ಪ ಇದ್ದೀತು. ಇವು ಮೂರೂ ಬದಲಾಗತಕ್ಕವು. ಒಂದು ತಲೆಮಾರು ಇನ್ನೊಂದಕ್ಕೆ ಯಾವುದನ್ನೂ ಬಚ್ಚಿಡದೆ ಒಪ್ಪಿಸುವ ಲೆಕ್ಕವೇ ಇವುಗಳನ್ನು ಕೂಡಿಸಿ ಹಿಡಿಯುವ ಸೂತ್ರ. ಮನೆಯ ಹಳೆಯ ಪೆಟ್ಟಿಗೆಗೆ ಹೊಸ ಹಲಗೆ ಹಾಕಿಸುವ ಗೃಹಸ್ಥನಿಂದ ಮೊದಲ್ಗೊಂಡು ಯಂತ್ರವನ್ನು ಕಾಪಾಡುವ ಸರಕಾರದವರೆಗೆ ಎಲ್ಲರಿಗೂ ಸಲ್ಲುವ ಕರ್ತವ್ಯವಿದು.